ಕೈಯಲ್ಲಿ ಏನೂ ಉಳಿಯದ ದಿನ

ಮುನಿಗಂಗಮ್ಮ ಲೆಕ್ಕ ಕಲಿತದ್ದು ಶಾಲೆಗೆ ಸೇರುವುದಕ್ಕೂ ಮೊದಲು, ಕೆರೆಯ ಏರಿಯ ಮೇಲೆ. ಅವಳ ಅಪ್ಪ ನಾರಾಯಣಪ್ಪ, ಗುಮ್ಮಳಾಪುರದಿಂದ ಒಂದು ಮೈಲಿ ಒಳಗಿರುವ ಒಂದು ಸಣ್ಣ ಊರಿನ ನೀರುಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಯಾವ ದಿನ ಯಾರ ಗದ್ದೆಗೆ ನೀರು ಎಂದು ಹೇಳುವುದು ಅವನ ಕೆಲಸ. ಅಲ್ಲಿ ನೀರಿಗೆ ಹಕ್ಕಿದ್ದದ್ದು ಏಳು ಮನೆಯವರಿಗೆ.

ಸರದಿಯ ಲೆಕ್ಕವನ್ನು ಅವನು ಹುಣಸೆ ಬೀಜದಲ್ಲಿ ಇಡುತ್ತಿದ್ದ. ತೂಬು ತೆಗೆದ ಮೊದಲ ದಿನದಿಂದ ದಿನಕ್ಕೊಂದು ಬೀಜ ಒಂದು ಮಣ್ಣಿನ ಕುಡಿಕೆಗೆ ಬೀಳುತ್ತಿತ್ತು. ಬೆಳಿಗ್ಗೆ ಏಳು ಮನೆಯವರ ಎದುರಿಗೆ ಕುಡಿಕೆಯನ್ನು ಚಪ್ಪಡಿ ಕಲ್ಲಿನ ಮೇಲೆ ಸುರಿದು, ಎಂಟೆಂಟು ಬೀಜಗಳ ಸಾಲು ಹಾಕುತ್ತಿದ್ದ. ಸಾಲು ತುಂಬಲು ಸಾಲದೆ ಕೈಯಲ್ಲಿ ಉಳಿದದ್ದು ಒಂದು ಬೀಜವಾದರೆ ಮೊದಲ ಮನೆಗೆ ನೀರು, ಎರಡಾದರೆ ಎರಡನೆಯ ಮನೆಗೆ, ಹೀಗೆ ಏಳರವರೆಗೆ. ಏನೂ ಉಳಿಯದಿದ್ದರೆ ಅವತ್ತು ಅಮ್ಮನ ದಿನ. ಏರಿಯ ಕೆಳಗೆ ಕೆರೆಯ ದೇವತೆ ಗಂಗಮ್ಮನ ಹೆಸರಿನಲ್ಲಿ ಒಂದು ತುಂಡು ಗದ್ದೆಯಿತ್ತು, ನೀರು ಅದಕ್ಕೆ. ಏಳು ಮನೆಯವರೂ ಅವತ್ತು ಗುದ್ದಲಿ ಮುಟ್ಟುತ್ತಿರಲಿಲ್ಲ. ಮುನಿಗಂಗಮ್ಮನ ಮನೆಯಲ್ಲಿ ತಂಬಿಟ್ಟು ಮಾಡುತ್ತಿದ್ದರು. ಮಗುವಾಗಿದ್ದಾಗ ಅವಳಿಗೆ ಆ ದಿನ ಎಂದರೆ ಯಾರ ದಿನವೂ ಅಲ್ಲದ ದಿನ. ನೀರು ತನ್ನಷ್ಟಕ್ಕೆ ತಾನೇ ಹರಿದು, ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ ಎಂದುಕೊಂಡಿದ್ದಳು.

ಹತ್ತಿರದ ತಳಿ ಎಂಬ ಊರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ೧೯೮೩ರಲ್ಲಿ ಅವಳು ಹೊಸೂರಿನ ಸಿಪ್ಕಾಟ್ ಕೈಗಾರಿಕಾ ವಸಾಹತಿನಲ್ಲಿ ಗೇರು, ಎಂದರೆ ಯಂತ್ರಗಳ ಹಲ್ಲುಚಕ್ರ, ಮಾಡುವ ಒಂದು ಕಾರ್ಖಾನೆಗೆ ಸೇರಿದಳು. ಕೆಲಸ ಪ್ಯಾಕಿಂಗ್ ಹಾಲಿನಲ್ಲಿ. ದಿನವೆಲ್ಲ ನಿಂತು, ಎಣ್ಣೆ ಸವರಿದ ಗೇರುಗಳನ್ನು ಮೇಣದ ಕಾಗದದಲ್ಲಿ ಸುತ್ತಿ ಡಬ್ಬಿಗೆ ತುಂಬುವುದು. ವಾರವೆಲ್ಲ ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ದೂರದ ಅತ್ತೆಯೊಬ್ಬಳ ಮನೆಯಲ್ಲಿದ್ದು, ಸಂಜೆ ಟೈಪಿಂಗ್ ಕಲಿತಳು. ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಿದ್ದಳು. ಕಿಟಕಿಯ ಪಕ್ಕ ಕೂತರೆ ರಾಗಿ ಹೊಲ, ನೀಲಗಿರಿ ತೋಪು, ಮತ್ತೆ ರಾಗಿ ಹೊಲ. ಅರೆನಿದ್ದೆಯಲ್ಲಿ ಅವು ಒಂದರ ಹಿಂದೆ ಒಂದು ಡಬ್ಬಿಗೆ ಇಳಿಯುತ್ತಿರುವಂತೆ ಕಾಣುತ್ತಿತ್ತಂತೆ. ಇದನ್ನೆಲ್ಲ ಅವಳೇ ನನಗೆ ಹೇಳಿದ್ದು. ಆಗ ನಾನು ಅದೇ ಕಾರ್ಖಾನೆಯಲ್ಲಿ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ.

೧೯೮೬ರ ಕೊನೆಯಲ್ಲಿ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಅದಕ್ಕಾಗಿ ಒಂದು ಕೋಣೆಗೆ ಗಾಜಿನ ಬಾಗಿಲು ಹಾಕಿ, ಚಪ್ಪಲಿ ಹೊರಗೆ ಬಿಡಬೇಕೆಂದು ತಮಿಳಿನಲ್ಲಿ ಬರೆದರು. ಅದನ್ನು ನೋಡಿಕೊಳ್ಳಲು ಬಂದವರು ಬದರೀನಾಥ, ಹೊಸೂರು ಪೇಟೆಯ ಮೇಷ್ಟ್ರ ಮನೆತನದವರು. ಟೈಪಿಂಗ್ ಬಲ್ಲವರೊಬ್ಬರು ಬೇಕೆಂದಾಗ ಮ್ಯಾನೇಜರ್ ವೆಂಕಟಾಚಲ ಪ್ಯಾಕಿಂಗ್ ಹಾಲಿನಿಂದ ಮುನಿಗಂಗಮ್ಮನನ್ನು ಕರೆಸಿದರು.

"ಮೂರು ತಿಂಗಳು ನೋಡ್ತೀನಮ್ಮ," ಎಂದರು. "ಡಿಸೆಂಬರ್, ಜನವರಿ, ಫೆಬ್ರವರಿ. ಸರಿಹೋದರೆ ಇಲ್ಲೇ ಪರ್ಮನೆಂಟ್. ಇಲ್ಲಾಂದ್ರೆ ಮತ್ತೆ ಡಬ್ಬಿ."

ಆ ಕೋಣೆಯ ಕುರ್ಚಿಯಲ್ಲಿ ಮೊದಲ ಸಲ ಕೂತಾಗ, ಮೂರು ವರ್ಷದಿಂದ ನಿಂತೇ ಇದ್ದ ಕಾಲುಗಳು ಏನು ಮಾಡಬೇಕೆಂದು ತಿಳಿಯದೆ ಅಲ್ಲಾಡುತ್ತಿದ್ದವಂತೆ. ಎದುರಿಗೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ, ಹೊಂಗೆ ಚಿಗುರಿನ ಹಸಿರು. ಅದನ್ನು ಬಿಟ್ಟು ಎಣ್ಣೆ ಕಾಗದದ ವಾಸನೆಗೆ ಹಿಂದಿರುಗುವ ಯೋಚನೆಯನ್ನೇ ಅವಳು ಮಾಡಲಾರದೆ ಹೋದಳು.

ಬದರೀನಾಥರು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯನ್ನು ಚಿಹ್ನೆಗಳಿಂದ ಶುರುಮಾಡಿದರು. "ಇವಕ್ಕೆ ಆಪರೇಟರ್ ಅಂತಾರೆ. ಎರಡು ಅಂಕಿ ಮಧ್ಯೆ ನಿಂತು ಒಂದು ಕೆಲಸ ಮಾಡ್ತವೆ. ಒಂದೊಂದಕ್ಕೂ ಒಂದೊಂದೇ ಕೆಲಸ."

ಕೂಡುವ ಚಿಹ್ನೆ, ಕಳೆಯುವ ಚಿಹ್ನೆ ಗೊತ್ತಿದ್ದವೇ. ಗುಣಿಸುವುದಕ್ಕೆ ಇಲ್ಲಿ ನಕ್ಷತ್ರ, ಭಾಗಿಸುವುದಕ್ಕೆ ಒಂದು ಓರೆ ಗೆರೆ. ಎರಡು ಕೂಡಿಸು ಮೂರು ನಕ್ಷತ್ರ ನಾಲ್ಕು ಎಂದು ಕೊಟ್ಟಾಗ ಯಂತ್ರ ಹದಿನಾಲ್ಕು ಎಂದಿತು. ಮುನಿಗಂಗಮ್ಮ ಇಪ್ಪತ್ತು ಬರೆದಿಟ್ಟುಕೊಂಡಿದ್ದಳು.

"ಎಡಗಡೆಯೋನು ಮೊದ್ಲು ಬಂದವ್ನಲ್ವಾ ಸಾರ್? ರೇಷನ್ ಅಂಗಡೀಲೂ ಮೊದ್ಲು ಬಂದೋರ್ಗೆ ಮೊದ್ಲು."

"ಇಲ್ಲಿ ಹಾಗಲ್ಲ. ನಕ್ಷತ್ರ, ಓರೆ ಗೆರೆ ಎಲ್ಲಿದ್ದರೂ ಮೊದಲು. ಕೂಡೋದು ಕಳೆಯೋದು ಆಮೇಲೆ."

"ಅವು ಮೇಲ್ಜಾತಿಯವಾ ಸಾರ್?"

ಬದರೀನಾಥರಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಸ್ವಲ್ಪ ಮುಜುಗರವೂ ಆಯಿತು. "ಬ್ರಾಕೆಟ್ ಇದೆಯಲ್ಲಮ್ಮ. ಬ್ರಾಕೆಟ್ ಒಳಗೆ ಹೋದರೆ ಯಾರು ಬೇಕಾದರೂ ಮುಂದೆ," ಎಂದರು.

"ಹಂಗಿದ್ರೆ ಸರಿ," ಎಂದು ಅವಳು ಪುಸ್ತಕದಲ್ಲಿ ಬರೆದುಕೊಂಡಳು.

ಅವಳನ್ನು ನಿಲ್ಲಿಸಿಬಿಟ್ಟದ್ದು ಸಮ ಚಿಹ್ನೆ. ಎನ್ = ಎನ್ + 1. ಒಂದು ಸಂಖ್ಯೆ ತನಗಿಂತ ಒಂದು ಹೆಚ್ಚು ಹೇಗಾದೀತು? ಬದರೀನಾಥರು ಮೂರು ಬಗೆಯಲ್ಲಿ ಹೇಳಿ ಸುಸ್ತಾಗಿ ಕಾಫಿಗೆ ಹೋದರು. ಆ ಶನಿವಾರ ತಳಿಯ ರಸ್ತೆಯಲ್ಲಿ ಬಸ್ಸು ತೂಗುತ್ತಿದ್ದಾಗ, ಕಣ್ಣು ಮುಚ್ಚಿ, ಎನ್ ಎಂಬುದನ್ನು ಅವಳು ಕೆರೆಯೆಂದುಕೊಂಡಳು. ಕೆರೆ ಅದೇ ಕೆರೆ. ಇವತ್ತಿನ ನೀರೆಂದರೆ ನಿನ್ನೆಯ ನೀರು, ಜೊತೆಗೆ ರಾತ್ರಿ ಬಂದದ್ದು. ಸಮ ಚಿಹ್ನೆ ಎಂದರೆ ಬಲಗಡೆಯ ನೀರನ್ನೆಲ್ಲ ಎಡಗಡೆಯ ಪಾತ್ರೆಗೆ ಸುರಿ ಎಂಬ ಮಾತು, ಅಷ್ಟೆ. ಎಚ್ಚರವೋ ಕನಸೋ ತಿಳಿಯದ ಆ ಹೊತ್ತಿನಲ್ಲಿ ಉಳಿದ ಚಿಹ್ನೆಗಳೂ ಏರಿಯ ಮೇಲೆ ಸಾಲಾಗಿ ನಡೆದು ಬಂದವು. ಹೆಚ್ಚು, ಕಡಿಮೆ ಎನ್ನುವ ಎರಡು ಮೂತಿಗಳು ನೀರಿನ ಮಟ್ಟ ನೋಡುತ್ತ ನಿಂತವು. ಒಂದೇ ಕಾಲುವೆಗೆ ಎರಡು ಬಾಗಿಲಿದ್ದರೆ ಎರಡೂ ತೆಗೆದಿರಬೇಕು, ಅದು ಆಂಡ್. ಒಂದೇ ಗದ್ದೆಗೆ ಎರಡು ಕಾಲುವೆ ಬಂದರೆ ಯಾವುದಾದರೊಂದು ಹರಿದರೆ ಸಾಕು, ಅದು ಆರ್. ತೆಗೆದದ್ದನ್ನು ಮುಚ್ಚಿದ್ದು, ಮುಚ್ಚಿದ್ದನ್ನು ತೆಗೆದದ್ದು ಎನ್ನುವ ತುಂಟ ನಾಟ್. ಬಸ್ಸು ಗುಮ್ಮಳಾಪುರದಲ್ಲಿ ನಿಂತದ್ದು ಅವಳಿಗೆ ತಿಳಿಯಲೇ ಇಲ್ಲ. ಕಂಡಕ್ಟರ್ ಬಂದು ಸೀಟಿನ ಕಂಬಿಗೆ ಟಿಕೆಟ್ ಪಂಚಿನಿಂದ ಕುಟ್ಟಬೇಕಾಯಿತು.

ಕೊನೆಗೆ ಬಂದದ್ದು ಎಂ-ಓ-ಡಿ ಎಂಬ ಮೂರಕ್ಷರ. ಬದರೀನಾಥರು ಅಂದರು: "ಇದು ಭಾಗಲಬ್ಧ ಕೇಳಲ್ಲ, ಶೇಷ ಕೇಳುತ್ತೆ. ತುಂಬಿದ ಸುತ್ತುಗಳನ್ನೆಲ್ಲ ತಳ್ಳಿಹಾಕಿದ ಮೇಲೆ ಎಷ್ಟು ಉಳೀತು ಅಂತ."

ಇದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಏರಿಯ ಕಲ್ಲಿನ ಮೇಲಿನ ಸಾಲುಗಳು, ಅಪ್ಪನ ಮುಚ್ಚಿದ ಅಂಗೈ, ಅದು ಬಿಚ್ಚುವುದನ್ನೇ ನೋಡುತ್ತ ನಿಂತ ಏಳು ಮನೆಯವರು.

ಅವಳಿಗೆ ಮೊದಲ ಸ್ವಂತ ಕೆಲಸ ಸಿಕ್ಕಿದ್ದೂ ಇದರಿಂದಲೇ. ಗೇರುಗಳನ್ನು ಕೆಂಪಗೆ ಕಾಯಿಸುವ ಫರ್ನೇಸನ್ನು ಭಾನುವಾರವೂ ಸಣ್ಣ ಉರಿಯಲ್ಲಿ ಇಡಬೇಕಿತ್ತು. ಪೂರ್ತಿ ತಣ್ಣಗಾದರೆ ಒಳಗಿನ ಇಟ್ಟಿಗೆ ಬಿರಿಯುತ್ತದೆ, ಮತ್ತೆ ಕಾಯಲು ಎರಡು ದಿನ ಬೇಕು. ಕರೆಂಟು ಹೋದರೆ ಗಾಳಿಯೂದುವ ಬ್ಲೋಯರ್ ನಿಂತು ಉರಿ ಆರುತ್ತಿದ್ದುದರಿಂದ, ಹತ್ತಿರ ಒಬ್ಬರು ಇರಲೇಬೇಕು. ಏಳು ಜನ ಕೆಲಸಗಾರರು ಸರದಿಯಂತೆ ಬರಬೇಕಿತ್ತು. ಆದರೆ ಆ ಸರದಿಯ ಬಗ್ಗೆ ಯಾವಾಗಲೂ ಜಗಳ. ಹೋದ ಸಲ ಯಾರು ಬಂದಿದ್ದರು ಎಂಬುದರಲ್ಲಿಯೇ ಸೋಮವಾರದ ಅರ್ಧ ದಿನ ಹೋಗುತ್ತಿತ್ತು.

"ಇದನ್ನು ಯಂತ್ರದಲ್ಲಿ ಹಾಕಿಬಿಡಮ್ಮ," ಎಂದರು ವೆಂಕಟಾಚಲ. "ಯಂತ್ರ ಹೇಳಿದ್ರೆ ಒಪ್ಕೋತಾರೆ. ಅದು ತಪ್ಪು ಮಾಡಲ್ಲ ಅಂತ ನಾನು ಹೇಳ್ತೀನಿ."

ಬದರೀನಾಥರು ಆ ವಾರ ರಜೆಯಲ್ಲಿದ್ದರು. ಮುನಿಗಂಗಮ್ಮ ಒಬ್ಬಳೇ ಕೂತು ಬರೆದಳು. ವಾರದ ಸಂಖ್ಯೆ ತೆಗೆದುಕೊ, ಎಂಟರಿಂದ ಭಾಗಿಸಿ ಶೇಷ ನೋಡು. ಒಂದಾದರೆ ಮೊದಲನೆಯವನ ಹೆಸರು, ಎರಡಾದರೆ ಎರಡನೆಯವನದು, ಏಳಾದರೆ ಏಳನೆಯವನಾದ ಕೊಂಡಪ್ಪನದು. ಕೈ ತಾನಾಗಿ ಎಂಟು ಎಂದು ಒತ್ತಿತು. ಏಳು ಜನರ ಸರದಿಗೆ ಎಂಟರ ಸಾಲು ಎಂಬುದು ಅವಳಿಗೆ ನೆಲದಷ್ಟೇ ಸಹಜವಾಗಿತ್ತು. ಹದಿನಾರು ಭಾನುವಾರದ ಪಟ್ಟಿ ಪ್ರಿಂಟರಿನಿಂದ ಕರಕರನೆ ಹೊರಬಂತು. ಎಂಟನೆಯ ಭಾನುವಾರದ ಮುಂದೆ, ಹದಿನಾರನೆಯದರ ಮುಂದೆ, ಜಾಗ ಖಾಲಿ. ಅವಳು ಅದನ್ನು ನೋಡದೆ ಬಿಟ್ಟಿರಲಿಲ್ಲ. ನೋಡಿದಳು, ಸರಿಯಾಗಿದೆ ಎನ್ನಿಸಿತು. ಖಾಲಿ ಬಿಡದ ಸರದಿಯನ್ನೇ ಅವಳು ಜೀವನದಲ್ಲಿ ಕಂಡಿರಲಿಲ್ಲ. ವೆಂಕಟಾಚಲ ಕೆಳಗೆ ಸಹಿ ಹಾಕಿದರು. ಜನವರಿ ಮೊದಲ ವಾರ ಅದು ನೋಟಿಸ್ ಬೋರ್ಡಿಗೇರಿತು.

ಏಳು ಭಾನುವಾರ ಜಗಳವಿಲ್ಲದೆ ಕಳೆದವು. ಪ್ಯಾಕಿಂಗ್ ಹಾಲಿನ ಹೆಂಗಸರು ಗಾಜಿನ ಬಾಗಿಲಿಗೆ ಮೂಗು ಒತ್ತಿ ಅವಳನ್ನು ನೋಡಿ ಹೋಗುತ್ತಿದ್ದರು. ಪರ್ಮನೆಂಟ್ ಎಂಬ ಮಾತನ್ನು ಅವಳು ಬಾಯಲ್ಲಿ ಆಡದೆ, ಒಳಗೇ ಇಟ್ಟುಕೊಂಡು ಓಡಾಡುತ್ತಿದ್ದಳು.

ಎಂಟನೆಯ ಭಾನುವಾರ, ಫೆಬ್ರವರಿ ಇಪ್ಪತ್ತೆರಡು, ಅವಳು ಊರಿನಲ್ಲಿದ್ದಳು. ಜಗಲಿಯ ಮೇಲೆ ಕೂತಿದ್ದ ಅಪ್ಪನ ಕಾಲಿಗೆ ಬಟ್ಟೆ ಕಟ್ಟಿತ್ತು.

"ಏನಪ್ಪ ಇದು?"

"ಮೂರ್ ದಿನ ಆಯ್ತು. ತೂಬಿನ ಮೆಟ್ಲು ಪಾಚಿ ಕಟ್ಕೊಂಡದೆ, ಜಾರ್ಬುಟ್ಟೆ. ಅಮ್ಮನ ದಿನ ಅವತ್ತು."

"ಅಮ್ಮನ ದಿನ ನೀನ್ಯಾಕೆ ಹೋಗಿದ್ದೆ? ಅವತ್ತು ಯಾರ ಸರದಿನೂ ಅಲ್ವಲ್ಲ."

ನಾರಾಯಣಪ್ಪ ಮಗಳನ್ನು ವಿಚಿತ್ರವಾಗಿ ನೋಡಿದ. "ಯಾರೂ ಇಲ್ದಿದ್ರೆ ತೂಬು ಮುಚ್ಚೋರ್ಯಾರು ಮಗಾ? ಕೆರೆ ಪೂರಾ ಹರಿದೋಗ್ಬುಡ್ತದೆ. ಬ್ಯಾರೆ ದಿನ ಸರದಿಯೋನು ಬತ್ತಾನೆ, ನಾನು ಬರೀ ಎಣಿಸ್ತೀನಿ. ಅಮ್ಮನ ದಿನ ಕತ್ಲಾಗೋವರ್ಗೂ ನಾನೊಬ್ನೇ ಕಣವ್ವ. ನಿಂಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ತಂಬಿಟ್ಟು ತಿಂದವಳಿಗೆ ಅದು ಗೊತ್ತಿರಲಿಲ್ಲ. ಅಂಗಳದ ಬಿಸಿಲು ಇದ್ದಕ್ಕಿದ್ದಂತೆ ಬಹಳ ದೂರ ಸರಿದಂತಾಯಿತು. ಪಟ್ಟಿಯ ಎಂಟನೆಯ ಸಾಲು, ಅದರ ಮುಂದಿನ ಬಿಳೀ ಜಾಗ, ಆ ಜಾಗದ ಹಿಂದೆ ಯಾರೂ ಇಲ್ಲದ ಶೆಡ್ಡು, ಅದರೊಳಗೆ ಒಂಟಿಯಾಗಿ ಉರಿಯುತ್ತಿರುವ ಬೆಂಕಿ ಕಾಣಿಸಿತು. ಅವಳು ಚಪ್ಪಲಿ ಹುಡುಕಿದಳು.

"ಊಟ?" ಎಂದ ಅಪ್ಪ.

"ಬತ್ತೀನಿ," ಎಂದಷ್ಟೇ ಹೇಳಿ ಓಡಿದಳು.

ಒಂದು ಗಂಟೆಯ ಬಸ್ಸು ಸಿಕ್ಕಿತು. ಆ ಪ್ರಯಾಣ ಅವಳಿಗೆ ನೀರಿನೊಳಗೆ ನಡೆದಂತಿತ್ತು. ಬಸ್ಸು ಓಡುತ್ತಿದೆ, ಹೊಲಗಳು ಮಾತ್ರ ಕದಲುತ್ತಿಲ್ಲ. ಮತ್ತಿಗಿರಿಯಲ್ಲಿ ಇಳಿದು ನೇರ ಕೊಂಡಪ್ಪನ ಮನೆಗೆ ಹೋದಳು. ಏಳು ಜನರಲ್ಲಿ ಅವನೂ ವೆಂಕಟಸ್ವಾಮಿಯೂ ಮತ್ತಿಗಿರಿಯವರೇ. ಇಬ್ಬರೂ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಹುಲಿ-ಕುರಿ ಆಡುತ್ತಿದ್ದರು.

"ಕೊಂಡಪ್ಪಣ್ಣ, ಇವತ್ತು ಫರ್ನೇಸ್ ತಾವ ಯಾರವ್ರೆ?"

ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. "ಯಾರೂ ಇಲ್ಲ ಕಣವ್ವ," ಎಂದ ಕೊಂಡಪ್ಪ. "ನೀನೇ ಅಲ್ವಾ ಬರ್ದಿದ್ದು? ಕಂಪ್ಯೂಟ್ರೇ ಫರ್ನೇಸ್‌ಗೆ ರಜಾ ಕೊಟ್ಬುಟ್ಟದೆ ಅಂತ ಮಾತಾಡ್ಕೊಂಡ್ವಿ. ಅದು ತಪ್ಪು ಮಾಡಾಕಿಲ್ಲ ಅಂತ ಮ್ಯಾನೇಜರೇ ಹೇಳಿದ್ರಲ್ಲ."

"ನಾನು ಅವತ್ತೇ ಅಂದೆ," ಎಂದ ವೆಂಕಟಸ್ವಾಮಿ, "ಯಾರನ್ನಾದ್ರೂ ಕೇಳ್ಲಾ ಅಂತ."

"ಎಲ್ಲಿ ಅಂದ್ಯಲಾ? ಕೇಳಿದ್ರೆ ನಿನ್ನೇ ಕಳಿಸ್ತಾರೆ, ಬಾಯ್ ಮುಚ್ಕೊಂಡಿರ್ಲಾ ಅಂದೋನು ನೀನಲ್ವಾ?"

ಅವಳ ಮುಖ ನೋಡಿ ಕೊಂಡಪ್ಪನ ನಗು ಅರ್ಧಕ್ಕೇ ನಿಂತಿತು. ಅವನು ಸೈಕಲ್ ತೆಗೆದ. "ಹಿಂದೆ ಕೂತ್ಕ ಗಂಗವ್ವ. ಏಯ್, ನೀನೂ ಬಾರ್ಲಾ, ಹುಲಿ ಎಲ್ಲೂ ಓಡೋಗಾಕಿಲ್ಲ."

ಬೆಳಿಗ್ಗೆಯೇ ಕರೆಂಟು ಹೋಗಿ ಬಂದಿತ್ತಂತೆ, ಗೇಟಿನ ಕಾವಲುಗಾರ ಹೇಳಿದ. ಉರಿ ಆರಿತ್ತು. ಶೆಡ್ಡಿನಲ್ಲಿ ಅವಳು ಎಂದೂ ಕೇಳದ ನಿಶ್ಶಬ್ದವಿತ್ತು. ಗೋಡೆಯ ಶಾಖದ ಮೀಟರಿನ ಮುಳ್ಳು ಕೆಂಪು ಗೆರೆಗಿಂತ ಕೆಳಗೆ ಇಳಿದು ನಿಂತಿತ್ತು. ಕೊಂಡಪ್ಪ ಬಾಗಿಲ ಸಂದಿನಿಂದ ಒಳಗೆ ಇಣುಕಿ, "ಮುಂದ್ಗಡೆ ಎರಡು ಇಟ್ಟಿಗೆ ಬಿರ್ದದೆ," ಎಂದ. "ಮಿಕ್ಕಿದ್ದು ಬಿಸಿ ಅದೆ. ಸಂಜೆವರ್ಗೂ ಬಿಟ್ಟಿದ್ರೆ ಎಲ್ಲಾ ಹೋಗೋದು." ಇಬ್ಬರೂ ಸೇರಿ ಉರಿ ಹೊತ್ತಿಸಿದರು. ಬೆಂಕಿ ನಿಧಾನವಾಗಿ, ಒಲ್ಲದ ಮಗು ಏಳುವಂತೆ ಎದ್ದಿತು.

ಮುನಿಗಂಗಮ್ಮ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು ಮುಳ್ಳನ್ನೇ ನೋಡುತ್ತಿದ್ದಳು. ಕೊಂಡಪ್ಪ ಪಕ್ಕಕ್ಕೆ ಬಂದ.

"ನೋಡವ್ವ, ಇವತ್ತು ನಾನೇ ಇದ್ದೆ ಅಂತೀನಿ. ಕರೆಂಟ್ ಹೋತು, ಇಟ್ಟಿಗೆ ಬಿರೀತು. ಕರೆಂಟ್ ಹೋಗಿದ್ದು ದಿಟವೇ ಅಲ್ವಾ? ನಿನ್ ಮೂರ್ ತಿಂಗ್ಳು ಮುಗಿಯಾಕೆ ಇನ್ನೊಂದ್ ವಾರ ಅದೆ. ಕಾಗದ ಕಿತ್ತು ಹೊಸದು ಅಂಟಿಸ್ಬುಡು. ಯಾರ್ಗೂ ತಿಳಿಯಾಕಿಲ್ಲ."

ಹಾಗೆ ಮಾಡಿದರೆ ಕುರ್ಚಿ ಉಳಿಯುತ್ತಿತ್ತು. ಕಣ್ಣು ಮುಚ್ಚಿದರೆ ಬಿಸಿಯಲ್ಲಿ ಎಲ್ಲ ಕರಗಿ ಹಸಿರಾಗಿ ಕಾಣುತ್ತಿತ್ತು, ಪರದೆಯ ಹಸಿರು. ಆ ಹಸಿರಿನಲ್ಲಿ ಎಂಟು ಎಂಬ ಅಂಕಿ ಒಂದೇ ಸಮನೆ ಮಿಟುಕುತ್ತಿತ್ತು. ಯಂತ್ರ ಅವಳು ಹೇಳಿದ್ದನ್ನೇ ಮಾಡಿತ್ತು. ಈಗ ತಪ್ಪನ್ನು ಕರೆಂಟಿನ ಮೇಲೆ ಹಾಕಿದರೆ, ನಾಳೆ ಆ ಪರದೆಯ ಮುಂದೆ ಕೂತು ಏನು ಬರೆದರೂ ತನಗೇ ನಂಬಿಕೆ ಬರಲಾರದು ಎನ್ನಿಸಿತಂತೆ. ಐದೂವರೆಗೆ ಮುಳ್ಳು ಗೆರೆ ದಾಟಿತು.

ಸೋಮವಾರ ಬೆಳಿಗ್ಗೆ ಎರಡು ಇಟ್ಟಿಗೆ ಬದಲಿಸುವವರೆಗೆ ಗೇರುಗಳು ಕಾಯಬೇಕಾಯಿತು. ಮುನಿಗಂಗಮ್ಮ ಪಟ್ಟಿಯನ್ನು ಬೋರ್ಡಿನಿಂದ ತೆಗೆದುಕೊಂಡು, ಬದರೀನಾಥರನ್ನೂ ಕರೆದುಕೊಂಡು ಮ್ಯಾನೇಜರ ಕೋಣೆಗೆ ಹೋದಳು. ಸಹಿ ಬೇಕಾದ ಕಾಗದ ಹಿಡಿದು ನಾನು ಅಲ್ಲೇ ನಿಂತಿದ್ದೆ.

"ಇಟ್ಟಿಗೆ ಬಿರಿದದ್ದು ಕರೆಂಟಿನಿಂದಲ್ಲ ಸಾರ್. ನನ್ನಿಂದ. ನಿನ್ನೆ ಅಲ್ಲಿ ಯಾರೂ ಇರ್ಲಿಲ್ಲ. ಏಳು ಹಾಕೋ ಕಡೆ ಎಂಟು ಹಾಕ್ದೆ."

ವೆಂಕಟಾಚಲ ಕನ್ನಡಕ ತೆಗೆದರು. "ಏನಮ್ಮಾ ಇದು? ಇರೋದು ಏಳು ಜನ. ಎಂಟು ಎಲ್ಲಿಂದ ಬಂತು?"

ಅವಳು ಮೇಜಿನ ಮೇಲಿದ್ದ ಗುಂಡುಪಿನ್ನುಗಳನ್ನು ಸುರಿದು ಎಂಟೆಂಟರ ಸಾಲು ಹಾಕಿದಳು. ಏಳು ಮನೆ, ಒಂದು ಅಮ್ಮನ ದಿನ. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಕೊನೆಯ ಪಿನ್ನು ಇಟ್ಟು, ಖಾಲಿ ಅಂಗೈ ತೋರಿಸಿದಳು.

"ಸಿಪ್ಕಾಟಿನಲ್ಲಿ ದೇವರಿಗೂ ಒಂದು ಶಿಫ್ಟ್ ಕೊಟ್ಟಿದ್ದೀಯಲ್ಲಮ್ಮ," ಎಂದರು ವೆಂಕಟಾಚಲ. ಅವರು ನಗಲಿಲ್ಲ. ಪಟ್ಟಿಯ ಕೆಳಗಿನ ತಮ್ಮ ಸಹಿಯನ್ನು ಸ್ವಲ್ಪ ಹೊತ್ತು ನೋಡಿದರು. "ಇದನ್ನು ನಾನು ಓದದೆ ಹಾಕಿದೀನಿ."

"ಸಾರ್," ಎಂದರು ಬದರೀನಾಥ, "ತಪ್ಪು ಯಾವ ಸಾಲಿನಲ್ಲಿದೆ, ಯಾಕೆ ಬಂತು, ಎರಡನ್ನೂ ಅವಳೇ ಹೇಳಿದಾಳೆ. ಆ ಎರಡನೆಯದನ್ನು ನಾನು ಹುಡುಕೋಕೆ ಹೋಗಿದ್ರೆ ಒಂದು ಜನ್ಮ ಸಾಲ್ತಿರಲಿಲ್ಲ."

ವೆಂಕಟಾಚಲ ಪಿನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು. "ಪರ್ಮನೆಂಟ್ ಈಗ ಇಲ್ಲ. ಇನ್ನು ಮೂರು ತಿಂಗಳು ನೋಡ್ತೀನಿ. ಅಲ್ಲೀವರೆಗೆ ಕುರ್ಚಿ ನಿಂದೇ. ಒಂದು ಮಾತು, ಖಾಲಿ ಜಾಗ ಎಲ್ಲಿ ಬಂದ್ರೂ ಮೊದಲು ನನಗೆ ತೋರಿಸು. ನಾನು ಓದ್ತೀನಿ."

ಮಧ್ಯಾಹ್ನ ಅವಳು ಎಂಟನ್ನು ಅಳಿಸಿ ಏಳು ಹಾಕಿದಳು. ಈಗ ಏಳನೆಯ ವಾರಕ್ಕೆ ಶೇಷ ಸೊನ್ನೆ. ಕೊಂಡಪ್ಪನ ಹೆಸರನ್ನು ಅದರ ಮುಂದೆ ಬರೆಯಬೇಕಿತ್ತು. ಅವನು ಗಾಜಿನ ಬಾಗಿಲ ಹೊರಗೆ, ಚಪ್ಪಲಿ ಬಿಟ್ಟು ನಿಂತಿದ್ದ.

"ನಂಗ್ಯಾವ ನಂಬ್ರು ಹಾಕ್ದೆ?"

"ಸೊನ್ನೆ ಕೊಂಡಪ್ಪಣ್ಣ."

"ಹತ್ತೊರ್ಸ ಬೆಂಕಿ ಮುಂದೆ ನಿಂತೋನ್ಗೆ ಸೊನ್ನೆನಾ? ವೆಂಕಟಸ್ವಾಮಿಗೆ ಕೊಡು ಅದನ್ನ, ಅವ್ನಿಗೆ ಒಪ್ತದೆ."

"ಸುತ್ತು ತುಂಬ್ಸೋನು ನೀನು. ನೀನು ಬರ್ಲಿಲ್ಲಾಂದ್ರೆ ಮತ್ತೆ ಒಂದರಿಂದ ಶುರುಮಾಡಾಕಾಗಲ್ಲ."

ಅವನು ಚಪ್ಪಲಿ ಮೆಟ್ಟಿಕೊಂಡು, "ಹಂಗಂತ ಅವ್ನಿಗೂ ಹೇಳು," ಎಂದು ಹೊರಟ.

ಪ್ರಿಂಟರ್ ಓಡಿತು. ಹದಿನಾರು ತಾರೀಖು, ಹದಿನಾರು ಹೆಸರು. ಅವಳು ಕಾಗದವನ್ನು ಹರಿದು ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಎಲ್ಲವೂ ಸರಿಯಿತ್ತು. ಆದರೂ ಏನೋ ಕಡಿಮೆಯಾದಂತೆ, ಉಸಿರೆಳೆಯಲು ಜಾಗವಿಲ್ಲದ ಓಣಿಯಲ್ಲಿ ನಡೆದಂತೆ ಅವಳಿಗಾಯಿತು. ಒಂದರ ಬೆನ್ನಿಗೆ ಒಂದು, ಭಾನುವಾರಗಳು ತುಂಬಿಕೊಂಡು ನಿಂತಿದ್ದವು. ಮ್ಯಾನೇಜರ ಸಹಿಗೆಂದು ಅದನ್ನು ತೆಗೆದುಕೊಂಡು ಹೋಗುವಾಗ, ಶೆಡ್ಡಿನ ಕಡೆಯಿಂದ ಬ್ಲೋಯರಿನ ಸದ್ದು ಎಡೆಬಿಡದೆ ಬರುತ್ತಿತ್ತು.